ಓಡುತ್ತಲೇ ಇದ್ದ ‘ಈಗ’

2022ರ ನವೆಂಬರ್. ಆಗ ನಾನು ಲಕ್ಷ್ಮೇಶ್ವರದ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಶಾಲೆಯ ಕೆಲಸದ ಜೊತೆಗೆ ಜಿಲ್ಲೆಯ ಸೈಕಲ್ ಸ್ಪರ್ಧೆಗಳಲ್ಲಿ ಸಮಯ ನೋಡುವ ಹೊಣೆ ಬಹಳ ವರ್ಷಗಳಿಂದ ನನ್ನ ಮೇಲಿತ್ತು. ಈಗ ನಿವೃತ್ತನಾಗಿದ್ದೇನೆ. ಎಷ್ಟೋ ಸ್ಪರ್ಧೆಗಳು ಮರೆತುಹೋಗಿವೆ. ಆದರೆ ಮುಂಡರಗಿ ರಸ್ತೆಯ ಆ ಬೆಳಗು ಮರೆತಿಲ್ಲ. ಆ ದಿನ ಕಂಡದ್ದನ್ನು, ಕಂಡ ಕ್ರಮದಲ್ಲೇ ಬರೆಯುತ್ತೇನೆ.

ಹದಿನೆಂಟು ವರ್ಷದೊಳಗಿನ ಹುಡುಗಿಯರ ಆಯ್ಕೆ ಸ್ಪರ್ಧೆ ಅದು. ಇದಕ್ಕೆ ಟೈಮ್ ಟ್ರಯಲ್ ಎನ್ನುತ್ತಾರೆ. ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಒಂದೊಂದು ನಿಮಿಷದ ಅಂತರದಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ. ಪ್ರತಿಯೊಬ್ಬಳೂ ಗಡಿಯಾರದ ಜೊತೆ ಒಬ್ಬಳೇ ಸೆಣಸಬೇಕು. ಗದಗ ದಾಟಿದ ಮೇಲೆ ರಸ್ತೆಯ ಪಕ್ಕದ ಒಂದು ಬಯಲಿನಿಂದ ಹೊರಟು, ಹತ್ತು ಕಿಲೋಮೀಟರ್ ಹೋಗಿ, ತಿರುಗಿ ಅದೇ ಗೆರೆಗೆ ಬರಬೇಕಿತ್ತು. ಇಪ್ಪತ್ತನಾಲ್ಕು ಹುಡುಗಿಯರಿದ್ದರು. ರಾಜ್ಯ ಮಟ್ಟಕ್ಕೆ ಹೋಗುವ ತಂಡದಲ್ಲಿದ್ದದ್ದು ನಾಲ್ಕೇ ಜಾಗ. ಹೆಸರುಗಳನ್ನು ಮಧ್ಯಾಹ್ನ ಹನ್ನೆರಡರೊಳಗೆ ಕಳಿಸಬೇಕಿತ್ತು.

ಇಂಥ ಸ್ಪರ್ಧೆಯಲ್ಲಿ ಬಿಡುವ ಸಮಯ ಮೊದಲೇ ಗೊತ್ತಿರುತ್ತದೆ. ಹಿಡಿಯಬೇಕಾದದ್ದು ಮುಟ್ಟಿದ ಸಮಯವನ್ನು. ಹಿಂದೆಲ್ಲ ಸ್ಟಾಪ್‌ವಾಚ್ ನೋಡುವವನೊಬ್ಬ, ಬರೆಯುವವನೊಬ್ಬ, ಬಿಟ್ಟ ಸಮಯವನ್ನು ಅದರಿಂದ ಕಳೆಯುವವನೊಬ್ಬ ಇರುತ್ತಿದ್ದೆವು. ಕಳೆಯುವುದರಲ್ಲಿ ಪ್ರತಿ ವರ್ಷ ಒಂದಾದರೂ ಜಗಳ ಏಳುತ್ತಿತ್ತು. ಹಾಗಾಗಿ ಆ ವರ್ಷ ಲ್ಯಾಪ್‌ಟಾಪ್ ಇಡೋಣ ಎಂದು ನಿರ್ಧರಿಸಿದೆವು. ಸ್ಪ್ರೆಡ್‌ಶೀಟ್ ಎಂದರೆ ಅಡ್ಡ-ಉದ್ದ ಗೆರೆ ಎಳೆದ ಗಣಕದ ಹಾಳೆ. ಅದರ ಒಂದೊಂದು ಚೌಕಕ್ಕೆ ಸೆಲ್ ಎನ್ನುತ್ತಾರೆ. ಹುಡುಗಿ ಗೆರೆ ಮುಟ್ಟಿದ ಕೂಡಲೇ ಅವಳ ಹೆಸರಿನ ಮುಂದಿನ ಸೆಲ್‌ನಲ್ಲಿ ಆ ಗಳಿಗೆಯ ಸಮಯ ಬಿದ್ದರೆ ಸಾಕು, ಉಳಿದ ಲೆಕ್ಕ ಯಂತ್ರವೇ ಮಾಡುತ್ತದೆ.

ಹಾಳೆ ಸಿದ್ಧಮಾಡಲು ಶಿರಹಟ್ಟಿಯ ಮಹಾಂತೇಶ ಒಪ್ಪಿದ. ಅಲ್ಲಿನ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಚುರುಕಾದ ಶಿಕ್ಷಕ. ನಾನು ಅವನಿಗೆ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. “ನೀ ಗುಂಡಿ ಒತ್ತಿದ್ಯಂದ್ರ ಆ ಚೌಕದಾಗ ‘ಈಗ’ ಅನ್ನೂದು ಬೀಳಬೇಕು ನೋಡಪಾ. ಅಷ್ಟ.”

“ಈಗ ಅಂದ್ರ ನೌ. ಹಗರ ಕೆಲಸ ಬಿಡ್ರಿ ಸರ್,” ಎಂದ ಅವನು.

ಸ್ಪ್ರೆಡ್‌ಶೀಟ್‌ನಲ್ಲಿ ನೌ ಎಂಬ ಹೆಸರಿನದೇ ಒಂದು ಸೂತ್ರವಿದೆ. ಅದನ್ನು ಹಾಕಿದರೆ ಅಂದಿನ ದಿನಾಂಕ, ಗಂಟೆ, ನಿಮಿಷ, ಸೆಕೆಂಡು ಎಲ್ಲವೂ ಬರುತ್ತವೆ. ಮಹಾಂತೇಶ ಅದನ್ನೇ ಎಲ್ಲರ ಸಾಲಿಗೂ ಹಾಕಿದ. ಹುಡುಗಿ ಬಂದಾಗ ಪಕ್ಕದ ಸೆಲ್‌ನಲ್ಲಿ ಒಂದು ಎಂದು ಒತ್ತಿದರೆ ಸಮಯ ಮೂಡುತ್ತಿತ್ತು. ಹಿಂದಿನ ದಿನ ಶಾಲೆಯ ಅಂಗಳದಲ್ಲಿ ನಾನೇ ಸೈಕಲ್ ಹತ್ತಿ ಒಂದು ಸುತ್ತು ಬಂದೆ, ಅವನು ಒತ್ತಿದ, ಸಮಯ ಸರಿಯಾಗಿ ಬಿತ್ತು. ಇಬ್ಬರೂ ಚಹಾ ಕುಡಿದು ಮನೆಗೆ ಹೋದೆವು. ಪರೀಕ್ಷೆ ನಡೆದದ್ದು ಒಬ್ಬನೇ ಸವಾರನ ಮೇಲೆ ಎಂಬುದನ್ನು ಓದುಗರು ಗಮನದಲ್ಲಿಡಬೇಕು.

ಇನ್ನೊಂದು ಏರ್ಪಾಡೂ ಇತ್ತು. ಮಹಾಂತೇಶ ರಸ್ತೆ ನೋಡುತ್ತ ಕೂತರೆ ಕೀಲಿ ತಪ್ಪುತ್ತಾನೆ, ಕೀಲಿ ನೋಡಿದರೆ ಹುಡುಗಿ ತಪ್ಪುತ್ತಾಳೆ. ಅದಕ್ಕೆ ಬೆಟಗೇರಿಯ ದುರ್ಗಪ್ಪನನ್ನು ಅವನ ಚರ್ಮವಾದ್ಯ ಹಲಗೆಯ ಸಮೇತ ಕರೆಸಿದ್ದೆ. ಹುರುಪು ತುಂಬಲು ಹಲಗೆ ಬಾರಿಸುವುದು ನಮ್ಮ ಕಡೆ ಹೊಸದಲ್ಲ. ನಾನು ಸೇರಿಸಿದ್ದು ಇಷ್ಟೇ: ಹುಡುಗಿ ತಿರುವಿನಲ್ಲಿ ಕಂಡಾಗ ನಾನು ಅವಳ ನಂಬರು ಕೂಗುತ್ತೇನೆ, ದುರ್ಗಪ್ಪ ಬಾರಿಸಲು ಶುರುಮಾಡಬೇಕು, ಮುಂದಿನ ಗಾಲಿ ಗೆರೆ ಮುಟ್ಟಿದಾಗ ಒಂದೇ ಒಂದು ದೊಡ್ಡ ಪೆಟ್ಟು ಹಾಕಿ ಥಟ್ಟನೆ ನಿಲ್ಲಿಸಬೇಕು. ಆ ಪೆಟ್ಟು ಕಿವಿಗೆ ಬಿದ್ದ ತಕ್ಷಣ ಮಹಾಂತೇಶ ಒತ್ತಬೇಕು. ಬೆಳಗಾವಿ ಕಡೆಯಿಂದ ವೀಕ್ಷಕರಾಗಿ ಬಂದಿದ್ದ ದೇಸಾಯಿ ಮೇಡಂ ಇದನ್ನು ನೋಡಿ ಹುಬ್ಬೇರಿಸಿದರು. ದುರ್ಗಪ್ಪ ನಾಲ್ಕು ಸಲ ಬಾರಿಸಿ ತೋರಿಸಿದ ಮೇಲೆ ಒಪ್ಪಿದರು.

ಬೆಳಿಗ್ಗೆ ಏಳೂವರೆಗೆ ಮೊದಲನೆಯವಳನ್ನು ಬಿಟ್ಟೆವು. ಗಾಳಿ ಇರಲಿಲ್ಲ. ರಸ್ತೆಯ ಎರಡೂ ಬದಿ ಕಡಲೆ ಹೊಲದ ಹಸಿರು, ದೂರದ ಗಾಳಿಯಂತ್ರಗಳ ರೆಕ್ಕೆಗಳು ಅಲುಗದೆ ನಿಂತಿದ್ದವು. ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ಬೆಳಗು ಇಲ್ಲ. ಏಳನೆಯವಳಾಗಿ ಹೊರಟದ್ದು ಹಿರೇವಡ್ಡಟ್ಟಿಯ ರೇಣುಕಾ. ಆ ವರ್ಗದಲ್ಲಿ ಅದು ಅವಳ ಕೊನೆಯ ವರ್ಷ. ಹಿಂದಿನ ಸಲ ಐದನೆಯ ಸ್ಥಾನ ಬಂದಿತ್ತು. ಈ ಸಲ ತಪ್ಪಿದರೆ ಇನ್ನೊಂದು ಸಲ ಇರಲಿಲ್ಲ. ಹತ್ತೊಂಬತ್ತನೆಯವಳು ಲಕ್ಷ್ಮೇಶ್ವರದ ಶಾಹಿನ್, ನನ್ನದೇ ಶಾಲೆಯ ಹುಡುಗಿ, ರೇಣುಕಾಳಿಗಿಂತ ಒಂದು ವರ್ಷ ಚಿಕ್ಕವಳು. ಅವಳ ತಾಯಿಗೆ ಅಂದು ಬರಲು ಆಗಿರಲಿಲ್ಲ. ಬದಲಿಗೆ ಸೋದರಮಾವ ಇಮಾಮಸಾಬ್ ಬಂದಿದ್ದ. ಲಕ್ಷ್ಮೇಶ್ವರದ ಸಂತೆಯಲ್ಲಿ ಹಣ್ಣಿನ ವ್ಯಾಪಾರಿ, ನಿಂತಲ್ಲಿ ನಾಲ್ಕು ಜನರನ್ನು ನಗಿಸುವವನು. ಅಕ್ಕನಿಗೆ ತೋರಿಸಲು ಫೋನಿನಲ್ಲಿ ವಿಡಿಯೊ ಮಾಡುತ್ತಿದ್ದ. ಸೊಸೆ ಬರುವವರೆಗೂ ನಿಲ್ಲಿಸುವುದಿಲ್ಲ ಎಂದು ಹಟ ಹಿಡಿದಿದ್ದ. ಮಿರ್ಚಿ ಕರಿಯುತ್ತಿದ್ದ ಬಂಡಿಯ ಮುಂದೆ ಅವನು ಬಹಳ ಹೊತ್ತು ನಿಂತದ್ದನ್ನು ನಾನು ನೋಡಿದ್ದೆ.

ಎಂಟು ಗಂಟೆ ದಾಟಿದ ಮೇಲೆ ಹುಡುಗಿಯರು ಬರತೊಡಗಿದರು. ನಾನು ಕೂಗುವುದು, ಹಲಗೆ ಏರುವುದು, ಒಂದು ಪೆಟ್ಟು, ನಿಶ್ಶಬ್ದ, ಕೀಲಿಯ ಟಕ್ ಸದ್ದು. ಆ ಲಯ ಎಷ್ಟು ಚೆನ್ನಾಗಿ ಕೂಡಿತ್ತೆಂದರೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಹನ್ನೊಂದು ಜನ ಬಂದರು. ನಮ್ಮ ಕಣ್ಣುಗಳೆಲ್ಲ ಬರುವವರ ಮೇಲಿದ್ದವು. ಬಂದವರ ಸಾಲನ್ನು ಯಾರೂ ತಿರುಗಿ ನೋಡಿರಲಿಲ್ಲ.

ನೋಡಿದವಳು ರೇಣುಕಾ. ನೀರಿನ ಬಾಟಲಿ ಹಿಡಿದು ಬರಿಗಾಲಲ್ಲಿ ಮೇಜಿನ ಹತ್ತಿರ ಬಂದು ತನ್ನ ಸಮಯ ಎಷ್ಟೆಂದು ಬಗ್ಗಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟೋ ನಗುವೋ ತಿಳಿಯದ ಧ್ವನಿಯಲ್ಲಿ ಹೇಳಿದಳು: “ಸರ್, ನಾ ಬಂದು, ಬೂಟ್ ಬಿಚ್ಚಿ, ನೀರ್ ಕುಡದೀನ್ರಿ. ಇದರಾಗ ನೋಡಿದ್ರ ನಾ ಇನ್ನೂ ಈಗ ಬರಾಕತ್ತೀನಲ್ರಿ.”

ನಾನು ಪರದೆ ನೋಡಿದೆ. ಹನ್ನೊಂದು ಸಾಲು. ಹನ್ನೊಂದರಲ್ಲೂ ಒಂದೇ ಸಮಯ: 8:14:06. ಹನ್ನೊಂದು ಹುಡುಗಿಯರು ಒಂದೇ ಸೆಕೆಂಡಿಗೆ ಗೆರೆ ಮುಟ್ಟಿದ್ದರು.

ಏನಾಗಿದೆ ಎಂಬುದು ಮಹಾಂತೇಶನಿಗೆ ನನಗಿಂತ ಮೊದಲು ಹೊಳೆಯಿತು. ನೌ ಸೂತ್ರ ಸಮಯವನ್ನು ಬರೆದಿಡುವುದಿಲ್ಲ. ಅದು ಗಡಿಯಾರವನ್ನು ತೋರಿಸುತ್ತದೆ, ಅಷ್ಟೇ. ಹಾಳೆಯಲ್ಲಿ ಎಲ್ಲಿ ಏನು ಒತ್ತಿದರೂ ಎಲ್ಲ ನೌಗಳೂ ಎದ್ದು ಮತ್ತೊಮ್ಮೆ ಗಡಿಯಾರ ನೋಡಿಕೊಳ್ಳುತ್ತವೆ. ಎರಡನೆಯವಳು ಬಂದಾಗ ಮೊದಲನೆಯವಳ ಸಮಯ ಅಳಿದಿತ್ತು. ಮೂರನೆಯವಳು ಬಂದಾಗ ಇಬ್ಬರದೂ. ನಮ್ಮ ಕಡೆ ಫೋನು ಮಾಡಿದರೆ ಮನುಷ್ಯ “ಈಗ ಬಂದ್ನಿ ನೋಡ್ರಿ” ಅನ್ನುತ್ತಾನೆ. ಆಗ ಅವನು ಮನೆಯಲ್ಲಿ ಚಪ್ಪಲಿ ಹುಡುಕುತ್ತಿರುತ್ತಾನೆ. ಅರ್ಧ ಗಂಟೆ ಬಿಟ್ಟು ಮಾಡಿದರೂ ಅದೇ ಉತ್ತರ. ನಾನು ಕೇಳಿದ ‘ಈಗ’ ಅಂಥದ್ದಲ್ಲ, ಮಹಾಂತೇಶ ಕೊಟ್ಟ ‘ಈಗ’ ಮಾತ್ರ ಅಂಥದ್ದೇ.

ಹನ್ನೊಂದನೆಯವಳ ಸಮಯ ಮಾತ್ರ ಇನ್ನೂ ನಿಜವಿತ್ತು. ಮುಂದಿನ ಕೀಲಿ ಒತ್ತಿದರೆ ಅದೂ ಹೋಗುತ್ತದೆ. ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡೆ. ತಲೆ ಎತ್ತಿದರೆ ದೂರದ ಏರಿನ ಮೇಲೆ ಹನ್ನೆರಡನೆಯವಳ ಕೆಂಪು ಶಿರಸ್ತ್ರಾಣ ಕಾಣಿಸಿತು.

“ಸರ್, ಒಂದ್ ನಿಮಿಷ ತಡೀರಿ,” ಎಂದ ಮಹಾಂತೇಶ.

“ಬರೂ ಹುಡುಗಿಗಿ ತಡಿ ಅನ್ನಾಕ ಬರ್ತೈತೇನೋ?”

ಅವನ ಬೆರಳುಗಳು ಕೀಲಿಗಳ ಮೇಲೆ ಓಡತೊಡಗಿದವು. ಸಮಯವನ್ನು ನಿಲ್ಲಿಸಿ ಬರೆಯುವ ಒಂದು ಸುಲಭ ದಾರಿ ಎಲ್ಲ ಕಚೇರಿಗಳಲ್ಲೂ ಬಳಕೆಯಲ್ಲಿದೆ. ಕಂಟ್ರೋಲ್ ಕೀಲಿ ಹಿಡಿದು ಸೆಮಿಕೋಲನ್ ಒತ್ತಿದರೆ ಇಂದಿನ ದಿನಾಂಕ ಬೀಳುತ್ತದೆ. ಜೊತೆಗೆ ಶಿಫ್ಟನ್ನೂ ಹಿಡಿದರೆ ಈಗಿನ ಸಮಯ. ಹೀಗೆ ಬಿದ್ದದ್ದು ಮತ್ತೆ ಬದಲಾಗುವುದಿಲ್ಲ. ಅವನು ಖಾಲಿ ಸೆಲ್‌ನಲ್ಲಿ ಅದನ್ನೇ ಒತ್ತಿದ. 8:14 ಎಂದು ಬಂತು. ಸೆಕೆಂಡು ಇರಲಿಲ್ಲ. ಹಾಜರಿಗೆ, ಆವಕ-ಜಾವಕಕ್ಕೆ ನಿಮಿಷ ಸಾಕು. ಸೈಕಲ್ ಸ್ಪರ್ಧೆಗೆ ಸಾಲದು.

ಕೆಂಪು ಶಿರಸ್ತ್ರಾಣ ಏರು ಇಳಿದು ತಿರುವಿನ ಮರಗಳ ಹಿಂದೆ ಮರೆಯಾಯಿತು. ಮಹಾಂತೇಶ ಹಣೆ ಒತ್ತಿಕೊಂಡ. “ಎಫ್ ನೈನ್ ಸರ್,” ಎಂದ ಇದ್ದಕ್ಕಿದ್ದಂತೆ. ನೌ ಎಂದು ಟೈಪು ಮಾಡಿ, ಎಂಟರ್ ಒತ್ತುವ ಮೊದಲೇ ಎಫ್ 9 ಕೀಲಿ ಒತ್ತಿದರೆ ಸೂತ್ರ ಕರಗಿ ಆ ಗಳಿಗೆಯ ಅಂಕಿಯಾಗಿ ಗಟ್ಟಿಯಾಗುತ್ತದೆ, ಸೆಕೆಂಡಿನ ಸಮೇತ. ಆಮೇಲೆ ಎಂಟರ್. ಅವನು ಒತ್ತಿ ನೋಡಿದ. ಪರದೆಯ ಬೆಳಕು ಮಂಕಾಯಿತು. ಮತ್ತೆ ಒತ್ತಿದ, ಇನ್ನೂ ಮಂಕಾಯಿತು. ಆ ಲ್ಯಾಪ್‌ಟಾಪಿನಲ್ಲಿ ಎಫ್ 9 ಕೀಲಿಗೆ ಬೆಳಕು ತಗ್ಗಿಸುವ ಕೆಲಸ ಕೊಟ್ಟಿದ್ದರು. ಹನ್ನೆರಡನೆಯವಳು ತಿರುವಿನಲ್ಲಿ ಕಂಡಳು. ನಾನು ನಂಬರು ಕೂಗಿದೆ. ಹಲಗೆ ಏರತೊಡಗಿತು.

“ಮೂಲ್ಯಾಗಿನ ಎಫ್‌ಎನ್ ಹಿಡದ್ ಒತ್ರಿ ಸರ್,” ಎಂದಳು ಹಿಂದೆ ನಿಂತಿದ್ದ ರೇಣುಕಾ. “ನಮ್ಮ ಕಾಲೇಜಿನ್ಯಾಗ ಎಲ್ಲಾ ಹಿಂಗ ಅದಾವ್ರಿ.”

ಮಹಾಂತೇಶ ಎಡಗೈಯಲ್ಲಿ ಮೂಲೆಯ ಕೀಲಿ ಹಿಡಿದ. ಮಂಕು ಪರದೆಗೆ ಮೂಗು ತಾಗಿಸಿ ನೌ ಎಂದು ಬರೆದು ಕಾದ. ಪೆಟ್ಟು ಬಿತ್ತು. ಅವನು ಒತ್ತಿದ. 8:15:20. ಎಂಟರ್ ಆಯಿತು. ಇಬ್ಬರೂ ಬಗ್ಗಿ ನೋಡಿದೆವು. ಹಳೆಯ ಸಾಲುಗಳೆಲ್ಲ ಮತ್ತೆ ಬದಲಾದವು, ಹನ್ನೆರಡನೆಯದು ಮಾತ್ರ ಕದಲಲಿಲ್ಲ.

ಅಲ್ಲಿಂದ ಮುಂದೆ ಒಬ್ಬಳನ್ನೂ ಬಿಡಲಿಲ್ಲ. ಶಾಹಿನ್ ಬಂದಾಗ ಜನ ಕೂಗಿದ ರೀತಿಗೇ ಅವಳ ಸವಾರಿ ಹೇಗಿತ್ತೆಂದು ತಿಳಿಯುತ್ತಿತ್ತು. ಮೂವತ್ತನಾಲ್ಕು ನಿಮಿಷ, ಹನ್ನೆರಡು ಸೆಕೆಂಡು. ಕೊನೆಯವಳು ಮುಟ್ಟಿದಾಗ ಹಾಳೆಯಲ್ಲಿ ಅವಳೇ ನಾಲ್ಕನೆಯವಳು. ಇಮಾಮಸಾಬ್ ಅಷ್ಟರಲ್ಲಿ ಅಕ್ಕನಿಗೆ ಫೋನು ಮಾಡಿ ಹೇಳಿಯೂ ಆಗಿತ್ತು.

ನಾನು ಮತ್ತು ಮಹಾಂತೇಶ ದೇಸಾಯಿ ಮೇಡಂ ಮುಂದೆ ನಿಂತು ನಡೆದದ್ದನ್ನು ಹೇಳಿದೆವು. ಹತ್ತು ಹುಡುಗಿಯರ ಸಮಯ ಇಲ್ಲ. ಅವರು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. ನಿಧಾನವಾಗಿ ಎರಡು ದಾರಿ ಹೇಳಿದರು. ಸ್ಪರ್ಧೆ ರದ್ದು ಮಾಡಿದರೆ ಆ ವರ್ಷ ಜಿಲ್ಲೆಯಿಂದ ಯಾರೂ ಹೋಗುವುದಿಲ್ಲ. ಇಲ್ಲವಾದರೆ ಆ ಹತ್ತು ಜನ ವಿಶ್ರಾಂತಿ ತೆಗೆದುಕೊಂಡು ಮತ್ತೆ ಸೈಕಲ್ ಓಡಿಸಬೇಕು. ಅಷ್ಟು ಹೊತ್ತಿಗೆ ದೂರದ ಗಾಳಿಯಂತ್ರಗಳು ತಿರುಗಲು ಶುರುಮಾಡಿದ್ದವು. ರೇಣುಕಾ ಆ ಕಡೆ ನೋಡಿ ಹೇಳಿದಳು: “ಹೊಳ್ಳಿ ಓಡಸ್ತೀನ್ರಿ ಮೇಡಂ. ಆದ್ರ ಆ ಗಾಳೀಗೂ ಎಫ್ ನೈನ್ ಒತ್ತಿ ನಿಂದರಸ್ತಾರೇನು, ಕೇಳ್ರಿ ಈ ಸರ್ ಅವರನ್ನ.”

ಪಕ್ಕದಲ್ಲಿ ದುರ್ಗಪ್ಪ ಹಲಗೆಯ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸುತ್ತ, ಹದ ನೋಡಲು ಒಂದು ಪೆಟ್ಟು ಹಾಕಿದ. ಮಹಾಂತೇಶನ ಬೆರಳು ತಾನಾಗಿಯೇ ಮೇಜಿನ ಮೇಲೆ ಕುಟ್ಟಿತು. ಬೆಳಗಿನಿಂದ ರೂಢಿಯಾದ ಬೆರಳು. ಅದನ್ನು ನೋಡಿದಾಗ ನನಗೆ ಹೊಳೆಯಿತು. ನಾವು ಹಿಡಿದದ್ದು ಕಂಡದ್ದನ್ನಲ್ಲ, ಕೇಳಿದ್ದನ್ನು. ಹಲಗೆಯ ಪೆಟ್ಟೇ ನಮ್ಮ ಗುರುತಾಗಿತ್ತು. ಆ ಪೆಟ್ಟುಗಳೆಲ್ಲ ಒಂದರ ಹಿಂದೆ ಒಂದು, ನಡುವೆ ಎಲ್ಲೂ ಕಡಿಯದೆ, ಇನ್ನೊಂದು ಕಡೆ ಉಳಿದಿವೆ.

ಇಮಾಮಸಾಬನ ಹತ್ತಿರ ಹೋಗಿ ವಿಡಿಯೊ ಕೇಳಿದೆ. ಏಕೆ ಬೇಕೆಂದೂ ಹೇಳಿದೆ.

“ಅದರಾಗ ಬರೇ ನನ್ನ ಮಾರಿ ಐತ್ರಿ ಸರ್,” ಎಂದ. “ಆಮ್ಯಾಲ ಮಿರ್ಚಿ.”

“ಮಾರಿ ಬ್ಯಾಡ ಇಮಾಮಸಾಬ್. ಸಪ್ಪಳ ಬೇಕು.”

ಅವನ ನಗು ಇಳಿಯಿತು. ಹಾಳೆಯಲ್ಲಿ ಸೊಸೆ ನಾಲ್ಕನೆಯವಳು. ಕಳೆದುಹೋದ ಹತ್ತರಲ್ಲಿ ಒಂದು ಸಮಯ ಅವಳದಕ್ಕಿಂತ ಚೆನ್ನಾಗಿದ್ದರೆ ಅವಳು ಐದನೆಯವಳು. ವ್ಯಾಪಾರಸ್ಥ, ಲೆಕ್ಕ ಅವನಿಗೆ ನನಗಿಂತ ಬೇಗ ಬಂತು. ಫೋನನ್ನು ಅಂಗಿಯ ಜೇಬಿಗಿಟ್ಟು ಮೇಲೆ ಕೈ ಇಟ್ಟುಕೊಂಡ. “ಚಾರ್ಜ್ ಮುಗದು ಬಂದ್ ಆಗೈತ್ರಿ,” ಎಂದ. ಅದೇ ಕ್ಷಣ ಜೇಬಿನೊಳಗೆ ಫೋನು ಹೊಡೆದುಕೊಳ್ಳತೊಡಗಿತು. ಅಕ್ಕನ ಕರೆ. ಸುತ್ತ ನಿಂತವರು ಬಾಯಿಗೆ ಕೈ ಅಡ್ಡ ಹಿಡಿದರು. ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಜಾಗದಲ್ಲಿ ನಾನಿದ್ದರೆ ನನ್ನ ಕೈಯೂ ಜೇಬಿನ ಮೇಲೆಯೇ ಇರುತ್ತಿತ್ತು.

ಶಾಹಿನ್ ಎದ್ದು ಬಂದಳು. ಮನೆಯ ಮಾತಿನಲ್ಲಿ ಹೇಳಬಹುದಿತ್ತು. ಎಲ್ಲರಿಗೂ ತಿಳಿಯಲಿ ಎಂದೋ ಏನೋ ಕನ್ನಡದಲ್ಲೇ ಹೇಳಿದಳು.

“ಮಾಮೂ, ಕೊಡ್ರಿ. ಇಲ್ಲಂದ್ರ ಇನ್ನ ಮ್ಯಾಲ ಎಲ್ಲಿ ಹಲಗಿ ಬಡದ್ರೂ ನನ್ನ ಎದಿ ಧಸಕ್ ಅಂತೈತಿ.”

ಅವನು ಫೋನು ತೆಗೆದು ನನಗಲ್ಲ, ಅವಳ ಕೈಗೆ ಕೊಟ್ಟ. ಅವಳು ನನಗೆ ಕೊಟ್ಟಳು.

ಮೇಜಿನ ಸುತ್ತ ಜನ ಒತ್ತಿಕೊಂಡರು. ವಿಡಿಯೊದಲ್ಲಿ ನಿಜಕ್ಕೂ ಇಮಾಮಸಾಬನ ಮುಖವೇ ಇತ್ತು, ಕುದಿಯುವ ಎಣ್ಣೆ ಇತ್ತು, ಒಂದು ನಾಯಿ ಇತ್ತು. ಗೆರೆ ಕಂಡದ್ದು ಅಲ್ಲೊಮ್ಮೆ ಇಲ್ಲೊಮ್ಮೆ. ಆದರೆ ಹಿಂದಿನಿಂದ ನನ್ನ ಕೂಗು, ಹಲಗೆಯ ಏರು, ದೊಡ್ಡ ಪೆಟ್ಟು, ನಿಶ್ಶಬ್ದ ಎಲ್ಲವೂ ಸ್ಪಷ್ಟ. ಲೆಕ್ಕ ಸರಳವಾಗಿತ್ತು. ಹನ್ನೆರಡನೆಯವಳ ಪೆಟ್ಟು ವಿಡಿಯೊದ ಹನ್ನೆರಡು ನಿಮಿಷ ನಲವತ್ತು ಸೆಕೆಂಡಿಗೆ ಬೀಳುತ್ತದೆ; ಅದು 8:15:20 ಎಂದು ನಮಗೆ ಗೊತ್ತು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಉಳಿದವರ ಸಮಯ ಸಿಗುತ್ತದೆ. ದೇಸಾಯಿ ಮೇಡಂ ತಕ್ಷಣ ಒಪ್ಪಲಿಲ್ಲ, ಅದು ಸರಿಯೇ. ಮೊದಲು ಗೊತ್ತಿರುವವರನ್ನು ತೂಗಿ ನೋಡಿ ಎಂದರು. ನನ್ನ ಅಂಗೈಯ 8:14:06 ಹೊಂದಿತು. ಹನ್ನೆರಡನೆಯವಳ ನಂತರ ಶಾಹಿನ್ ತನಕ ಬಂದವರನ್ನೆಲ್ಲ ಎಣಿಸಿದೆವು. ಯಾರದೂ ಒಂದು ಸೆಕೆಂಡಿಗಿಂತ ಹೆಚ್ಚು ಆಚೀಚೆ ಆಗಲಿಲ್ಲ. “ಒಂದು ಸೆಕೆಂಡು ಅನುಮಾನಕ್ಕೆ ಬಿಡಿ,” ಎಂದರು ಮೇಡಂ. “ಅದಕ್ಕಿಂತ ಜಾಸ್ತಿ ಅಂತರ ಇದ್ದರೆ ನಾನು ಸಹಿ ಮಾಡ್ತೇನೆ.”

ರೇಣುಕಾಳ ಸರದಿ ಬಂತು. ಇಮಾಮಸಾಬ್ ವಿಡಿಯೊದಲ್ಲಿ ಮಿರ್ಚಿ ಕಚ್ಚಿ, ಖಾರಕ್ಕೆ ಉಸ್ ಎಂದ. ಹಿಂದೆ ನಾನು ಏಳು ಎಂದು ಕೂಗಿದೆ. ಹಲಗೆ ಏರಿತು. ಏಳು ನಿಮಿಷ ಇಪ್ಪತ್ತೊಂಬತ್ತನೆಯ ಸೆಕೆಂಡಿಗೆ ಪೆಟ್ಟು ಬಿತ್ತು. ಮೂರು ಸಲ ಹಿಂದೆ ತಿರುಗಿಸಿ ಕೇಳಿದೆವು. ಮಹಾಂತೇಶ ಕಾಗದದ ಮೇಲೆ ಕಳೆದ. ನಾನು ಬೇರೆ ಕಾಗದದಲ್ಲಿ ಕಳೆದೆ. ಗೆರೆ ಮುಟ್ಟಿದ್ದು 8:10:09ಕ್ಕೆ. ಹೊರಟದ್ದು 7:36ಕ್ಕೆ. ಮೂವತ್ತನಾಲ್ಕು ನಿಮಿಷ ಒಂಬತ್ತು ಸೆಕೆಂಡು.

ಶಾಹಿನ್‌ಗಿಂತ ಮೂರು ಸೆಕೆಂಡು ಮುಂದೆ. ಉಳಿದ ಒಂಬತ್ತು ಜನರಲ್ಲಿ ಯಾರೂ ಹತ್ತಿರ ಬರಲಿಲ್ಲ. ದೇಸಾಯಿ ಮೇಡಂ ಸಹಿ ಮಾಡಿದರು. ಹನ್ನೆರಡಕ್ಕೆ ಮೊದಲೇ ಪಟ್ಟಿ ಹೋಯಿತು.

ಎಲ್ಲರೂ ಶಾಹಿನ್ ಕಡೆ ನೋಡಿದರು. ಅವಳು ಕಣ್ಣು ಒರೆಸಿಕೊಂಡಳು, ಆಮೇಲೆ ರೇಣುಕಾಳ ಬರಿಗಾಲು ನೋಡಿ, “ಮೂರ ಸೆಕೆಂಡ್. ಒಂದ್ ಬೂಟ್ ಬಿಚ್ಚಾಕ ಇದಕಿಂತ ಜಾಸ್ತಿ ಹೊತ್ತು ಬೇಕಲ್ಲ ಅಕ್ಕಾ ನಿನಗ,” ಎಂದಳು. ರೇಣುಕಾ ಅವಳನ್ನು ಕೈಹಿಡಿದು ಮಿರ್ಚಿ ಬಂಡಿಯ ಕಡೆ ಕರೆದುಕೊಂಡು ಹೋದಳು. ಇಮಾಮಸಾಬ್ ನನ್ನ ಹತ್ತಿರ ಬಂದು, ಅಕ್ಕನಿಗೆ ಈಗ ಏನಂತ ಹೇಳಲಿ ಎಂದು ಕೇಳಿದ. ಅವರ ಮಗಳೇ ಫೋನು ಕೊಟ್ಟಳೆಂದು ಹೇಳಿ ಎಂದೆ.

ಸಮಯ ನೋಡುವವನ ಕೆಲಸ ಗಡಿಯಾರ ನೋಡುವುದು ಎಂದೇ ನಾನು ಅಷ್ಟು ವರ್ಷ ತಿಳಿದಿದ್ದೆ. ಗಡಿಯಾರವನ್ನು ಯಾರು ಬೇಕಾದರೂ ನೋಡಬಹುದು. ಕಂಡ ಗಳಿಗೆಯನ್ನು ಮತ್ತೆ ಓಡದಂತೆ ನಿಲ್ಲಿಸಿ ಬರೆಯುವುದು ಕೆಲಸ. ನಿಲ್ಲಿಸದೆ ಬಿಟ್ಟ ‘ಈಗ’ ಬರೀ ಮಾತು. ಅದರ ಮೇಲೆ ಯಾರ ಶ್ರಮವನ್ನೂ ಇಡಬಾರದು. ಅಂದಿನಿಂದ ನಮ್ಮ ಹಾಳೆಯಲ್ಲಿ ನೌ ಸೂತ್ರವನ್ನು ಹಾಗೇ ಬಿಟ್ಟದ್ದಿಲ್ಲ, ಒಬ್ಬರ ಮೇಲೆ ಪರೀಕ್ಷೆ ಮಾಡಿ ಚಹಾ ಕುಡಿಯಲು ಹೋದದ್ದೂ ಇಲ್ಲ.

ಮರುವರ್ಷ ಅದೇ ರಸ್ತೆ, ಅದೇ ಗೆರೆ. ಶಾಹಿನ್‌ಗೆ ಅದು ಕೊನೆಯ ವರ್ಷ. ತಿರುವಿನಲ್ಲಿ ಅವಳು ಕಂಡಾಗ ನಾನು ನಂಬರು ಕೂಗಿದೆ. ಬೆನ್ನು ಸೈಕಲ್ಲಿನ ಮೇಲೆ ಮಲಗಿದಂತಿತ್ತು, ಕಾಲುಗಳು ಕಾಣಿಸುತ್ತಿರಲಿಲ್ಲ. ದುರ್ಗಪ್ಪ ಪೆಟ್ಟು ಹಾಕಿದ. ಬ್ರೇಕು ಹಿಡಿದು ಮುಂದೆ ಹೋದವಳು ಸೈಕಲ್ ತಿರುಗಿಸಿ ನೇರ ಮೇಜಿಗೆ ಬಂದಳು. ಉಸಿರು ಸಿಗುತ್ತಿರಲಿಲ್ಲ, ಯಾರೋ ಚಾಚಿದ ನೀರಿನ ಬಾಟಲಿಯನ್ನು ತಳ್ಳಿದಳು. ಎಷ್ಟು ಬಂತೆಂದು ಕೇಳಲಿಲ್ಲ.

“ಒತ್ತಿದ್ರೇನ್ರಿ ಸರ್?”

“ಒತ್ತೀವವಾ,” ಎಂದೆ. “ಇನ್ನ ಅದು ಎಲ್ಲೀಗೂ ಹೋಗಂಗಿಲ್ಲ.”

ಆಮೇಲೆ ಅವಳು ನೀರು ಕುಡಿದಳು.